ಕಾಡೆಮ್ಮೆಯೂ ಕಾವಲಿನ ಸೀಳುನಾಯಿಯೂ

ಕಾಡಿಗೆ ಅಧ್ಯಕ್ಷರು ಯಾರಾಗಬೇಕೆಂದು ಪ್ರಾಣಿಗಳೆಲ್ಲ ಒಂದು ಗುಂಡಿಗೆ ತಮ್ಮ ಆಯ್ಕೆಯ ಗುರುತಿದ್ದ ಒಂದೊಂದು ಎಲೆ ಹಾಕಿ ತಿಳಿಸಿದವು. ಕರಡಿ ಗೆಲ್ಲುತ್ತದೆಂದೇ ಎಲ್ಲರ ನಂಬಿಕೆ. ಎಲೆ ಎಣಿಸಿದ ಕೋತಿ ಮಾತ್ರ, ಹಳೆಯ ಅಧ್ಯಕ್ಷ ತೋಳವೇ ಮತ್ತೆ ಗೆದ್ದಿದೆ ಎಂದಿತು. ಕಾಡಿನಲ್ಲಿದ್ದ ಪ್ರಾಣಿಗಳಿಗಿಂತ ಗುಂಡಿಯಲ್ಲಿದ್ದ ಎಲೆಗಳೇ ಹೆಚ್ಚಾಗಿದ್ದವು. ಕೇಳಿದ್ದಕ್ಕೆ, "ಸತ್ತವರಿಗೂ ತೋಳರಾಯರ ಮೇಲೆ ಪ್ರೀತಿ" ಎಂದಿತು ಕೋತಿ.

ಅಂದಿನಿಂದ ಪ್ರಾಣಿಗಳು ಈ ಮೋಸವನ್ನು ವಿರೋಧಿಸಿ ತೋಳದ ಗುಹೆಯ ಮುಂದೆ ಕುಳಿತವು. ಕಾವಲಿನ ಸೀಳುನಾಯಿಗಳು ಮತ್ತೆ ಮತ್ತೆ ಮೇಲೆ ಬಿದ್ದವು. ಕುಳಿತಿದ್ದ ಪ್ರಾಣಿಗಳಲ್ಲಿ ಕೆಲವು ಸತ್ತವು, ಬಹಳಷ್ಟು ಸೋತು ಮನೆಗೆ ಹೋದವು. ಕೊನೆಗೆ ಉಳಿದದ್ದು ಒಂದು ಮುದಿ ಕಾಡೆಮ್ಮೆ.

ಅದರೆದುರು ನಿಂತಿದ್ದ ಸೀಳುನಾಯಿ ಹೇಳಿತು: "ಅಜ್ಜಿ, ಎದ್ದು ಹೋಗಿ. ನನಗೂ ನಿಂತು ನಿಂತು ಸಾಕಾಗಿದೆ."

"ನೀನು ಯಾರಿಗೆ ಎಲೆ ಹಾಕಿದ್ದೆಯಪ್ಪ?"

ಸೀಳುನಾಯಿ ದನಿ ತಗ್ಗಿಸಿತು. "ಕರಡಿಗೆ."

"ಮತ್ತೆ ಆ ಕಡೆ ಯಾಕೆ ನಿಂತಿದ್ದೀಯ?"

"ಊಟ ಈ ಕಡೆಯಿಂದ ಬರುತ್ತದೆ. ಮನೆಯಲ್ಲಿ ಮರಿಗಳಿವೆ."

"ನನಗೂ ಒಬ್ಬಳು ಮೊಮ್ಮಗಳಿದ್ದಳು. ಮೊನ್ನೆ ನೀವು ಮೇಲೆ ಬಿದ್ದಾಗ ತುಳಿತಕ್ಕೆ ಸಿಕ್ಕಿದಳು. ನಾನು ಎದ್ದು ಯಾರ ಹತ್ತಿರ ಹೋಗಲಿ?"



"ಅದನ್ನು ಓಡಿಸು!" ಎಂದು ಗುಹೆಯೊಳಗಿಂದ ತೋಳ ಕೂಗಿತು. ಸೀಳುನಾಯಿ ಮುಂದೆ ಬಂತು. ಕಾಡೆಮ್ಮೆ ಕಣ್ಣು ಮುಚ್ಚಿಕೊಂಡಿತು. ಸೀಳುನಾಯಿ ಅದರ ಪಕ್ಕದಲ್ಲಿ, ಗುಹೆಗೆ ಮುಖಮಾಡಿ ಕುಳಿತುಬಿಟ್ಟಿತು.

"ಏಳಪ್ಪ, ತೋಳ ನೋಡುತ್ತದೆ."

"ನೋಡಲಿ ಅಜ್ಜಿ."

ತೋಳ ಹೊರಗೆ ಬಂದು ಇಬ್ಬರನ್ನೂ ನೋಡಿತು. ಬೈಯಲಿಲ್ಲ. ಖಾಲಿಯಾದ ಜಾಗದಲ್ಲಿ ಇನ್ನೊಂದು ಸೀಳುನಾಯಿಯನ್ನು ತಂದು ನಿಲ್ಲಿಸಿತು. ಆ ಹೊಸ ನಾಯಿಗೆ ಇನ್ನೂ ನಿಂತು ನಿಂತು ಸಾಕಾಗಿರಲಿಲ್ಲ.