ಮಡುವಿನ ಕಾವಲು

"ಗುರುಗಳೇ, ಕಷ್ಟ ಹೇಳಿಕೊಂಡು ಬಂದವನಿಗೆ ಇಲ್ಲ ಎನ್ನುವುದು ಧರ್ಮವೇ?" ಎಂದು ಅಡವಯ್ಯ ಕೇಳಿದ.

ಅಡವಯ್ಯ ಮಠದ ಶಿಷ್ಯ. ಮೀನು ಮೊಟ್ಟೆ ಇಡುವ ಕಾಲದಲ್ಲಿ ಮಠದ ಕೆರೆಗೆ ಯಾರೂ ಗಾಳ ಹಾಕದಂತೆ ನೋಡಿಕೊಳ್ಳುವ ಕೆಲಸವನ್ನು ಆ ವರ್ಷ ಅವನಿಗೆ ಒಪ್ಪಿಸಿದ್ದರು. ಆ ದಿನ ಒಬ್ಬ ರೈತ ಬಂದು, ಜ್ವರ ಬಿಟ್ಟು ಎದ್ದ ಹೆಂಡತಿ ಮೀನಿನ ಸಾರು ಕೇಳುತ್ತಿದ್ದಾಳೆ, ಒಂದು ಮೀನು ಸಿಕ್ಕರೆ ಸಾಕು ಎಂದಿದ್ದ. ಅಡವಯ್ಯ ಇಲ್ಲ ಎಂದಿದ್ದ. ರೈತ ವಾದ ಮಾಡಲಿಲ್ಲ, ಬಂದ ದಾರಿಯಲ್ಲೇ ಹೋದ. ವಾದ ಮಾಡದೆ ಹೋದದ್ದೇ ಅಡವಯ್ಯನನ್ನು ಕಾಡುತ್ತಿತ್ತು.

ಗುರು ಊರೂರು ತಿರುಗಿ ಆಗಷ್ಟೇ ಬಂದು ಕೂತಿದ್ದರು. ದಣಿದಿದ್ದರು. ಆದರೂ ಒಂದು ಕತೆ ಹೇಳತೊಡಗಿದರು.

ಹೊಳೆಯ ದಂಡೆಯಲ್ಲಿ ಒಂದು ಊರಿತ್ತು. ಊರ ಹೊರಗೆ ಹೊಳೆ ತಿರುಗುವ ಕಡೆ ಆಳವಾದ ಮಡು. ಅದರ ತುಂಬ ಗೆಂಡೆ ಮೀನು. ಆ ಊರಿನವರು ಮೀನು ಹಿಡಿದು ಬದುಕುವವರಲ್ಲ. ನೇಕಾರರು, ಅಕ್ಕಸಾಲಿಗರು, ಅಂಗಡಿಯವರು. ಆದರೆ ಕೆಲಸ ಮುಗಿದ ಮೇಲೆ ಮಡುವಿನ ದಂಡೆಯಲ್ಲಿ ಗಾಳ ಹಿಡಿದು ಕೂರುವುದೆಂದರೆ ಅವರಿಗೆಲ್ಲ ಜೀವ. ಸಿಕ್ಕಿದರೆ ಮನೆಗೆ ಒಯ್ಯುತ್ತಿದ್ದರು, ಸಿಗದಿದ್ದರೆ ಮಾತಾಡಿಕೊಂಡು ಎದ್ದು ಹೋಗುತ್ತಿದ್ದರು. ಹಗಲಿನ ಬೇಸರ ಅಲ್ಲಿ ಕಳೆಯುತ್ತಿತ್ತು.

ಊರ ಹಿರಿಯರು ಮಡುವಿಗೆ ಒಂದು ಕಟ್ಟುಪಾಡು ಮಾಡಿದ್ದರು. ಹೊಸ ನೀರು ಬಂದು ಗೆಂಡೆ ಮೊಟ್ಟೆ ಇಡುವ ದಿನಗಳಲ್ಲಿ ಯಾರೂ ಗಾಳ ಹಾಕಬಾರದು. ಉಳಿದ ದಿನಗಳಲ್ಲಿ ಗೇಣಿಗಿಂತ ಚಿಕ್ಕ ಮೀನು ಸಿಕ್ಕರೆ ನೀರಿಗೇ ಬಿಡಬೇಕು. ಕೆಳಗಿನ ಊರಿನ ಮಡು ಬರಿದಾದದ್ದನ್ನು ಕಂಡು ಮಾಡಿದ ಕಟ್ಟು ಅದು. ಇಷ್ಟನ್ನು ನೋಡಿಕೊಳ್ಳಲು ಒಬ್ಬ ಕಾವಲುಗಾರ ಬೇಕಾಗಿದ್ದ. ಗಾದಿಲಿಂಗ ಎಂಬವನನ್ನು ಕೂರಿಸಿದರು. ಅವನು ಮೊದಲು ಹರಿಗೋಲು ಹಾಕುತ್ತಿದ್ದ. ಸೇತುವೆ ಬಂದ ಮೇಲೆ ಕೆಲಸವಿರಲಿಲ್ಲ. ಮೃದು ಮನಸ್ಸಿನವನು. ಅವನೊಂದಿಗೆ ಜಗಳವಾಡುವವರು ಊರಲ್ಲಿ ಯಾರೂ ಇಲ್ಲ ಎಂದೇ ಅವನನ್ನು ಆರಿಸಿದ್ದರು.

ಕೆಲವು ವರ್ಷ ಯಾವ ತೊಂದರೆಯೂ ಆಗಲಿಲ್ಲ. ಒಂದು ಮಳೆಗಾಲದಲ್ಲಿ ಒಬ್ಬ ನೇಕಾರ ಬಂದ. ಅವನ ತಂದೆ ಹಾಸಿಗೆ ಹಿಡಿದಿದ್ದ. ಬದುಕಿದಷ್ಟು ಕಾಲ ಆ ಮಡುವಿನಲ್ಲೇ ಗಾಳ ಹಾಕಿದವನು. ಇನ್ನೊಂದು ಸಲ ಗಾಳದ ಕೋಲು ಹಿಡಿಯಬೇಕು ಎನ್ನುತ್ತಿದ್ದ.

"ಕಟ್ಟು ಮುಗಿಯುವ ತನಕ ಅಪ್ಪ ಇರುವುದಿಲ್ಲ, ಗಾದಿಲಿಂಗಣ್ಣ" ಎಂದ ನೇಕಾರ.

ಗಾದಿಲಿಂಗ ಬಹಳ ಯೋಚಿಸಿ ಹೂಂ ಎಂದ. ಮುದುಕನನ್ನು ಗಾಡಿಯಲ್ಲಿ ಕರೆತಂದು, ಬೆನ್ನಿಗೆ ಆಸರೆ ಕೊಟ್ಟು ದಂಡೆಯಲ್ಲಿ ಕೂರಿಸಿದರು. ಒಂದು ಗೆಂಡೆ ಗಾಳಕ್ಕೆ ಬಿತ್ತು. ಹೊಟ್ಟೆ ತುಂಬ ಮೊಟ್ಟೆಯಿದ್ದ ಮೀನು. ಮುದುಕ ಅದನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಸವರಿದ. ಕೆಲವೇ ದಿನಗಳಲ್ಲಿ ತೀರಿಕೊಂಡ. ನೇಕಾರ ಬಂದು ಗಾದಿಲಿಂಗನ ಕಾಲು ಮುಟ್ಟಿದ. ಊರೆಲ್ಲ ಗಾದಿಲಿಂಗನನ್ನು ಹೊಗಳಿತು. ಹೊಗಳುವಂಥ ಕೆಲಸವೇ ಅದು.

ಆಮೇಲೆ ಒಬ್ಬ ತಾಯಿ ಬಂದಳು. ಚೊಚ್ಚಲ ಬಸುರಿ ಮಗಳು ತವರಿಗೆ ಬಂದಿದ್ದಾಳೆ, ಏನು ತಿಂದರೂ ನಿಲ್ಲುತ್ತಿಲ್ಲ, ಮಡುವಿನ ಮೀನು ಬೇಕೆನ್ನುತ್ತಾಳೆ ಎಂದಳು. ಗಾದಿಲಿಂಗ ಹೂಂ ಎಂದ. ಮುಂದಿನ ವರ್ಷ ಒಬ್ಬ ಅಕ್ಕಸಾಲಿಗನ ಮಗ ಸತ್ತ. ಅಕ್ಕಸಾಲಿಗ ಮನೆಯಲ್ಲಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ದಂಡೆಯಲ್ಲಿ ಕೂತರೆ ಸ್ವಲ್ಪ ಹಗುರವಾದಾನು ಎಂದು ಗೆಳೆಯರು ಕರೆತಂದರು. ಅದಕ್ಕೂ ಹೂಂ ಎಂದ. ಗೆಳೆಯರೂ ಜೊತೆಗೆ ಕೂತರು. ಕೂತವರು ಗಾಳವನ್ನೂ ಹಾಕಿದರು.

ಒಬ್ಬ ವ್ಯಾಪಾರಿ ದೂರದ ಸೀಮೆಗೆ ಹೊರಟಿದ್ದ. ಕಟ್ಟು ಬಿಡುವಷ್ಟರಲ್ಲಿ ನಾನು ಊರಲ್ಲಿರುವುದಿಲ್ಲ, ಒಂದು ಸಂಜೆ ಕೂತು ಹೋಗುತ್ತೇನೆ ಎಂದ. ಗಾದಿಲಿಂಗ ಅನುಮಾನಿಸಿದ.

ವ್ಯಾಪಾರಿ ದನಿ ಏರಿಸಲಿಲ್ಲ. "ನೇಕಾರನಿಗೆ ಬಿಟ್ಟೆ. ಅಕ್ಕಸಾಲಿಗನಿಗೆ ಬಿಟ್ಟೆ. ಅವರ ಕಷ್ಟಕ್ಕಿಂತ ನನ್ನದು ಚಿಕ್ಕದು ಅಂತ ನೀನು ಹೇಗೆ ಅಳೆದೆ, ಗಾದಿಲಿಂಗಣ್ಣ?"

ವ್ಯಾಪಾರಿಗೂ ಗಾದಿಲಿಂಗ ಹೂಂ ಎಂದ. ಅಳೆಯಲು ಅವನಿಗೆ ಬರುತ್ತಿರಲಿಲ್ಲ. ಆ ದಿನದಿಂದ ಕಾರಣ ಕೇಳುವುದನ್ನೇ ಬಿಟ್ಟ. ಬಂದವರು ಮಾತು ಶುರುಮಾಡುವ ಮೊದಲೇ ಹೂಂ ಎಂದು ತಲೆಯಾಡಿಸುತ್ತಿದ್ದ. ಚಿಕ್ಕ ಮೀನಿನ ಮಾತೂ ಹಾಗೆಯೇ ಆಯಿತು. ಯಾರದೋ ಪುಟ್ಟ ಮಗಳು ಮೊದಲ ಸಲ ಹಿಡಿದ ಮೀನು, ಗೇಣಿರಲಿ, ಬೆರಳುದ್ದವೂ ಇಲ್ಲ. ಅದನ್ನು ಅವಳ ಕೈಯಿಂದ ಕಿತ್ತು ನೀರಿಗೆ ಬಿಡು ಎನ್ನುವುದು ಹೇಗೆ? ಅವನು ಬೇರೆ ಕಡೆ ನೋಡಿದ.

ತುಂಬಿದ ಹೊಳೆಯಲ್ಲಿ ಹರಿಗೋಲು ಹಾಕಿದಾಗಲೂ ಆಗದಿದ್ದ ಆಯಾಸ ಅವನಿಗೆ ಸುಮ್ಮನೆ ಕೂತು ಆಗುತ್ತಿತ್ತು. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ.

"ನಿಮಗೆ ಇಲ್ಲ ಅನ್ನಲು ಬರುವುದಿಲ್ಲ" ಎಂದಳು ಹೆಂಡತಿ.

"ಬರುತ್ತದೆ. ಆಮೇಲೆ ಅವರ ಮುಖ ನೋಡಲು ಬರುವುದಿಲ್ಲ" ಎಂದ.

ಒಂದು ವರ್ಷ ಹೊಸ ನೀರು ಬಂತು, ಗೆಂಡೆ ಕಾಣಲಿಲ್ಲ. ಮಳೆ ನಿಂತು ನೀರು ತಿಳಿಯಾಯಿತು. ಕಟ್ಟು ಬಿಟ್ಟ ದಿನ ಊರವರು ಸಾಲಾಗಿ ಕೂತು ಗಾಳ ಹಾಕಿದರು. ಕತ್ತಲಾಗುವವರೆಗೂ ಯಾರ ದಾರವೂ ಅಲುಗಲಿಲ್ಲ. ಮರುದಿನವೂ ಅಲುಗಲಿಲ್ಲ. ಹೊರಗಿನವರು ಯಾರೋ ಬಂದು ಬಲೆ ಹಾಕಿ ಬಳಿದುಕೊಂಡು ಹೋಗಿದ್ದಾರೆ ಎಂದು ಊರವರು ಮಾತಾಡಿಕೊಂಡರು. ಹಿರಿಯರು ಸಭೆ ಸೇರಿಸಿ ಗಾದಿಲಿಂಗನನ್ನು ಕರೆಸಿದರು.

"ಕದ್ದವರು ಯಾರು, ಹೇಳು" ಎಂದರು.

"ಯಾರೂ ಕದ್ದಿಲ್ಲ. ಎಲ್ಲರೂ ನನ್ನನ್ನು ಕೇಳಿಯೇ ಹಿಡಿದರು" ಎಂದ ಗಾದಿಲಿಂಗ.

ಹಿರಿಯರು ಸಭೆಯ ಕಡೆ ನೋಡಿದರು. ಕೇಳಿ ಹಿಡಿದವರೆಲ್ಲ ಅಲ್ಲೇ ಇದ್ದರು. ಒಬ್ಬೊಬ್ಬರೂ ತಾವು ಹಿಡಿದದ್ದು ಒಂದೋ ಎರಡೋ ಎಂದುಕೊಂಡು ಕೂತಿದ್ದರು. ಅದು ನಿಜವೂ ಆಗಿತ್ತು. ಗಾದಿಲಿಂಗನನ್ನು ಯಾರೂ ಬೈಯಲಿಲ್ಲ.

ಮೇಲಿನ ಊರುಗಳಿಂದ ಬಿಂದಿಗೆಗಳಲ್ಲಿ ಮರಿ ತಂದು ಮಡುವಿಗೆ ಬಿಟ್ಟರು. ಅವು ಬೆಳೆದು ಮೊಟ್ಟೆಯಿಟ್ಟು ಮಡು ತುಂಬುವ ತನಕ ಯಾವ ಕಾಲದಲ್ಲೂ ಗಾಳ ಹಾಕುವಂತಿಲ್ಲ ಎಂದಾಯಿತು. ಇನ್ನು ಕಾಯುವವರು ಯಾರು ಎಂಬ ಮಾತು ಬಂದಾಗ ಒಬ್ಬರೂ ಒಪ್ಪಲಿಲ್ಲ. ಕೊನೆಗೆ ಗಾದಿಲಿಂಗ ಎದ್ದು, "ನಾನೇ ಕೂರುತ್ತೇನೆ" ಎಂದ. ಹೆಂಡತಿ ಬೇಡವೆಂದಳು. ಅವನು ಹೋಗಿ ಕೂತ.

ಮೊದಲು ಬಂದವನು ಅವನ ಹಳೆಯ ಜೊತೆಗಾರ. ಇಬ್ಬರೂ ಒಂದೇ ಹರಿಗೋಲಿನಲ್ಲಿ ದುಡಿದವರು. ಒಮ್ಮೆ ನೆರೆಯಲ್ಲಿ ಗಾದಿಲಿಂಗನನ್ನು ಜುಟ್ಟು ಹಿಡಿದು ಎಳೆದು ಬದುಕಿಸಿದವನು ಅವನೇ. ಈಗ ಅವನಿಗೆ ಕಣ್ಣು ಮಂಜಾಗುತ್ತಿತ್ತು.

"ಪೂರ್ತಿ ಕತ್ತಲಾಗುವ ಮೊದಲು ದಾರ ನೀರಿಗೆ ಬೀಳುವುದನ್ನು ಒಂದು ಸಲ ನೋಡಬೇಕು. ಮೀನು ಬಿದ್ದರೆ ಬಿಟ್ಟುಬಿಡುತ್ತೇನೆ" ಎಂದ.

"ಇಲ್ಲ" ಎಂದ ಗಾದಿಲಿಂಗ.

ಜೊತೆಗಾರ ಇನ್ನೊಮ್ಮೆ ಕೇಳಲಿಲ್ಲ. ತಂದಿದ್ದ ಗಾಳದ ಕೋಲನ್ನೇ ನೆಲಕ್ಕೆ ಊರಿ, ದಾರಿ ತಡವುತ್ತ ಊರಿಗೆ ಹೋದ. ಆಮೇಲೆ ಅವನು ಗಾದಿಲಿಂಗನೊಂದಿಗೆ ಮಾತಾಡಲಿಲ್ಲ. ಅವನಿಗೇ ಇಲ್ಲವೆಂದ ಮೇಲೆ ಬೇರೆಯವರಿಗೆ ಹೂಂ ಎನ್ನುವ ಹಾಗಿರಲಿಲ್ಲ. ಬಾಣಂತಿಯ ಕಡೆಯವರು ಬಂದರು, ಇಲ್ಲ ಎಂದ. ಮಗ ಸತ್ತವರು ಬಂದರು, ಇಲ್ಲ ಎಂದ. ಹಿಂದೆ ಅವನ ಕಾಲು ಮುಟ್ಟಿದವರು ದಾರಿಯಲ್ಲಿ ಎದುರಾದರೆ ಬೇರೆ ಓಣಿಗೆ ತಿರುಗಿದರು. ಮದುವೆಗೆ ಕರೆಯುವುದನ್ನು ಬಿಟ್ಟರು. ವಯಸ್ಸಾದ ಮೇಲೆ ಕಲ್ಲಾಗಿಬಿಟ್ಟ ಎಂದರು. ಅವನು ಯಾರಿಗೂ ಏನೂ ವಿವರಿಸಲಿಲ್ಲ. ವಿವರಿಸುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಬೆಳಗಾದರೆ ಹೋಗಿ ಕೂರುತ್ತಿದ್ದ, ಸಂಜೆಯಾದರೆ ಎದ್ದು ಬರುತ್ತಿದ್ದ.

ಮಡುವಿನಲ್ಲಿ ಗೆಂಡೆ ಮತ್ತೆ ತುಂಬಿತು. ಹಿರಿಯರು ಕಟ್ಟು ಸಡಿಲಿಸಿದರು. ಊರವರು ಮೊದಲಿನಂತೆ ಸಂಜೆ ಬಂದು ಕೂತರು, ನಗುತ್ತ ಮಾತಾಡಿದರು. ಅಷ್ಟರಲ್ಲಿ ಗಾದಿಲಿಂಗ ತೀರಿಕೊಂಡಿದ್ದ. ಅವನ ಮಣ್ಣಿಗೆ ಹೋದವರು ಕಡಿಮೆ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಅಡವಯ್ಯನಿಗೆ ಸಮಾಧಾನವಾಗಲಿಲ್ಲ. "ಗುರುಗಳೇ, ಕಷ್ಟ ಕೇಳುವ ಗುಣ ಒಂದೇ ಅವನಲ್ಲಿದ್ದದ್ದು. ಕೊನೆಗೆ ಅದನ್ನೂ ಕಳೆದುಕೊಂಡನಲ್ಲ" ಎಂದ.

"ಕೊನೆಯವರೆಗೂ ಅವನು ಕಷ್ಟ ಕೇಳುತ್ತಲೇ ಇದ್ದ, ಅಡವಯ್ಯ, ನೀರಿನೊಳಗಿನ ಮಾತು ಬಾರದವರದು" ಎಂದರು ಗುರು.

ಅಡವಯ್ಯ ಎದ್ದು ಕೆರೆಯ ದಂಡೆಗೆ ಹೋಗಿ ಕೂತ.