ಏಳನೆಯ ನೀರು

"ಕೇಳ್ರಪ್ಪೋ ಕೇಳ್ರಿ! ಕಡಲಾಚೆಯ ರಾಣಿ ಮೂರು ಒಗಟು ಕಳಿಸ್ಯಾಳ. ಬಿಡಿಸಿದವರಿಗೆ ಮಹಾರಾಜರ ಬಣ್ಣದ ಕಾರ್ಖಾನೆಗಳ ಯಜಮಾನಿಕೆ! ತಪ್ಪಿದವರ ತಲಿ ಉರುಳತೈತಿ!"

ಕುಸುಬಿನಾಡಿನ ಓಣಿ ಓಣಿಯಲ್ಲಿ ಡಂಗುರ ಮೊಳಗಿತು. ಅಲ್ಲಿಯ ಅರಸ ಜಯಮಲ್ಲನ ಬಣ್ಣದ ಬಟ್ಟೆ ಹಡಗು ಹತ್ತಿ ಹದಿನೆಂಟು ದೇಶಕ್ಕೆ ಹೋಗುತ್ತಿತ್ತು. ಅರ್ಧದಷ್ಟನ್ನು ಆ ರಾಣಿಯೊಬ್ಬಳೇ ಕೊಳ್ಳುತ್ತಿದ್ದಳು. ಈ ಸಲ ಅವಳ ರಾಯಭಾರಿ ಮೂರು ಪ್ರಶ್ನೆ ತಂದಿದ್ದ. ದಿಟವಾದ ಉತ್ತರ ಸಿಗದೆ ಹಡಗು ತುಂಬಬಾರದೆಂದು ಅವನಿಗೆ ಅಪ್ಪಣೆಯಾಗಿತ್ತು. ಪ್ರಶ್ನೆಗಳ ತಲೆಬುಡ ಅರಸನಿಗೆ ತಿಳಿಯಲಿಲ್ಲ. ದೊಡ್ಡವರ ನಾಲಿಗೆಗೆ 'ತಿಳಿಯಲಿಲ್ಲ' ಎನ್ನುವ ಮಾತು ಬರುವುದಿಲ್ಲವಲ್ಲ, ಇವು ಒಗಟುಗಳೇ ಎಂದು ತೀರ್ಮಾನಿಸಿಬಿಟ್ಟ.

ಮೊದಲು ಆಸ್ಥಾನದ ಪಂಡಿತ ಬಂದ. ರಾಯಭಾರಿ ಕೇಳಿದ: "ನಿಮ್ಮ ಬಟ್ಟೆ ನಮ್ಮ ಮೈಮೇಲೆ ಹನಿ ಬಣ್ಣವನ್ನೂ ಬಿಡುವುದಿಲ್ಲ. ಬಿಡಬೇಕಾದ್ದನ್ನೆಲ್ಲ ಎಲ್ಲಿ ಬಿಟ್ಟು ಬಂತು?" ಪಂಡಿತ ಗಡ್ಡ ನೀವಿ, "ಸಂಜೆಯ ಮುಗಿಲಿನಲ್ಲಿ" ಎಂದ. ರಾಯಭಾರಿ ಅಲ್ಲವೆಂದು ತಲೆಯಾಡಿಸಿದ, ಪಂಡಿತನ ತಲೆ ಉರುಳಿತು. ಮರುದಿನ ವರ್ತಕನ ಮಗನೊಬ್ಬ "ನವಿಲಿನ ಗರಿಯಲ್ಲಿ" ಎಂದ. ಅವನ ಗತಿಯೂ ಅದೇ ಆಯಿತು. ಆಮೇಲೆ ಅರಮನೆಯ ಕಡೆ ಯಾರೂ ಸುಳಿಯಲಿಲ್ಲ.

ಬಣ್ಣಗಾರರ ಓಣಿಯ ಗುರಸಿದ್ಧ ಹೊರಟು ನಿಂತಾಗ ಹೆಂಡತಿ ನಾಗವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳ ಎರಡು ಕೂಸು ಹುಟ್ಟುವ ಮೊದಲೇ ಹೋಗಿದ್ದವು. ಮೂರನೆಯದಕ್ಕೆ ಈಗ ಐದು ತಿಂಗಳು.

"ನಿನ್ನ ತಲಿ ಹೋದ್ರ ಈ ಕೂಸಿಗೆ ಅಪ್ಪ ಯಾರು?"

"ಈ ಬಾವಿ ನೀರು ಕುಡದ್ರ ಕೂಸೂ ಉಳಿಯೂದಿಲ್ಲ, ನಾಗೀ. ಹೇಳಾಕಂತ ನಾಕು ಸಲ ಅರಮನಿಗೆ ಹೋದೆ. ಕಾವಲಿನವ ಒಳಗ ಬಿಡಲಿಲ್ಲ. ಈಗ ತಲಿ ಒತ್ತೆ ಇಟ್ರ ಬಿಡ್ತಾನ."

ಮೊಣಕೈವರೆಗೆ ನೀಲಿ ಹತ್ತಿದ ಕೈ ಕಂಡು ಆಸ್ಥಾನ ನಕ್ಕಿತು. ರಾಯಭಾರಿ ಮಾತ್ರ ನಗದೆ ಮೊದಲ ಪ್ರಶ್ನೆ ಕೇಳಿದ.

"ಇದು ಒಗಟು ಅಲ್ಲರೀ" ಎಂದ ಗುರಸಿದ್ಧ. "ನಮ್ಮ ಓಣ್ಯಾಗ ಯಾರನ್ನ ಕೇಳಿದ್ರೂ ಹೇಳ್ತಿದ್ರು. ಬಟ್ಟೀನ ಏಳು ನೀರಿನಾಗ ಜಾಲಸ್ತೀವಿ. ಏಳನೇ ನೀರು ತಿಳಿ ಬಂದ್ರಷ್ಟ ಹಡಗಿಗೆ. ಮೊದಲಿನ ಆರು ನೀರು ಹೊಳಿಗೆ, ಹೊಳಿಯಿಂದ ನಮ್ಮ ಬಾವಿಗೆ. ಬಣ್ಣ ಬಿಟ್ಟದ್ದು ಅಲ್ಲಿ."

"ಸರಿ. ನೂಲಲ್ಲ, ಬಣ್ಣವಲ್ಲ, ಪ್ರತಿ ಬಟ್ಟೆಯಲ್ಲೂ ಸೇರಿದೆ, ಬೆಲೆಯಲ್ಲಿ ಸೇರಿಲ್ಲ. ಯಾವುದದು?"

"ಬಿಳಿ ಚುಕ್ಕಿ ಮೂಡ್ಲಿ ಅಂತ ಬಣ್ಣಕ್ಕ ಹಾಕೂ ಮೊದಲ ಬಟ್ಟೀಗೆ ಸಾಸಿವಿಯಷ್ಟು ಗಂಟು ಕಟ್ತಾರಲ್ರಿ, ಆ ಹೆಣ್ಣಮಕ್ಕಳ ಕಣ್ಣು. ಮೂವತ್ತಕ್ಕ ಮಂಜಾಗತಾವು. ನಮ್ಮವ್ವನವು ಪೂರಾ ಹೋಗ್ಯಾವು."

"ಸರಿ. ಊರಿಗೆಲ್ಲ ಕುಡಿಯುವ ನೀರಿನ ಅರವಟಿಗೆ ಇಟ್ಟು, ಊರನ್ನೇ ಬಾಯಾರಿಸಿದವನು ಯಾರು?"

ಅರಮನೆಯ ಬಾಗಿಲಲ್ಲೇ ಅರವಟಿಗೆಯಿತ್ತು, ಅದರ ಕಲ್ಲಿನ ಮೇಲೆ ಅರಸನ ಹೆಸರು ಆಳುದ್ದ ಕೆತ್ತಿತ್ತು. ಉತ್ತರ ಕಾವಲಿನವನಿಗೂ ಗೊತ್ತಾಗಿತ್ತು. ಗುರಸಿದ್ಧನಿಗೆ ಹೆದರಿಕೆಯಾಯಿತು, ಸುಳ್ಳೇಕೆ. ಬಾಗಿಲಿಗೆ ಅಡ್ಡ ನಿಂತ ನಾಗವ್ವ ಕಣ್ಣಿಗೆ ಕಟ್ಟಿದಳು.

"ನೀವರೀ, ದೊರೀ."

ಜಯಮಲ್ಲ ಕತ್ತಿಗೆ ಕೈ ಹಾಕಿದ. ಅಷ್ಟರಲ್ಲಿ ರಾಯಭಾರಿ ಎದ್ದು ನಿಂತು, "ಮೂರೂ ಸರಿ" ಎಂದ. ಸಭೆಯಲ್ಲಿ ಕುಳಿತಿದ್ದ ಹದಿನೆಂಟು ದೇಶದ ವರ್ತಕರ ಎದುರಿಗೆ ಆಡಿದ ಮಾತು ತಪ್ಪಿದರೆ ವ್ಯಾಪಾರವೇ ಮುಳುಗೀತು. ಅರಸ ಹಲ್ಲು ಕಚ್ಚಿ ಯಜಮಾನಿಕೆಯ ಮುದ್ರೆಯುಂಗುರ ಕೊಟ್ಟ.

ಗುರಸಿದ್ಧ ಅಲ್ಲೇ ಅಪ್ಪಣೆ ಮಾಡಿದ. ಇವತ್ತಿನಿಂದ ಅರಮನೆಯ ಬಾವಿ ನೀರು ಬಂಡಿಯಲ್ಲಿ ಬಣ್ಣಗಾರರ ಓಣಿಗೆ ಹೋಗಬೇಕು. ಆರು ನೀರನ್ನೂ ಹೊಂಡ ತೋಡಿ, ಸೋಸಿ, ತಿಳಿಯಾದ ಮೇಲೆಯೇ ಹೊಳೆಗೆ ಬಿಡಬೇಕು. ಗಂಟು ಕಟ್ಟುವವರಿಗೆ ಅರ್ಧ ದಿನವಷ್ಟೇ ಕೆಲಸ, ಕೂಲಿ ಪೂರ್ತಿ.

ರಾಯಭಾರಿ ಮೆಚ್ಚಿ ಕೈಮುಗಿದು ಹೊರಟ. ಗುರಸಿದ್ಧ ತಡೆದ.

"ನಿಲ್ರಿ ಯಜಮಾನ್ರ. ಹಿಂಗ ಮಾಡಿದ್ರ ಬಟ್ಟಿ ಲಗೂ ಆಗೂದಿಲ್ಲ, ಅಗ್ಗ ಆಗೂದಿಲ್ಲ. ಎಷ್ಟು ವರ್ಷದಿಂದ ಬೆಲಿ ಇಳಸ್ರಿ, ಲಗೂ ಕಳಸ್ರಿ ಅಂತ ಓಲೆ ಬರೀತಿದ್ದವರು ನೀವ. ಹೆಚ್ಚಿಗಿ ಬೆಲಿ ಕೊಟ್ಟು, ತಡದು, ನಿಮ್ಮ ರಾಣಿ ತಗೋತಾಳೇನು?"

ರಾಯಭಾರಿ ಪಂಡಿತನ ಹಾಗೆಯೇ ಗಡ್ಡ ನೀವತೊಡಗಿದ. ಉತ್ತರಕ್ಕೆ ಪಂಡಿತನಿಗೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ತಲೆ ತೆಗೆಯುವವನು ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದೆ ಬಂದ. ಗುರಸಿದ್ಧ ಅವನನ್ನು ಕೈಸನ್ನೆಯಲ್ಲಿ ಹಿಂದೆ ಕಳಿಸಿದ.

"ತಲಿ ಇಟಗೊಂಡು ಹೋಗ್ರಿ. ಉತ್ತರ ತಗೊಂಡು ಬರ್ರಿ."

ಉತ್ತರ ಬರುವವರೆಗೆ ಬಟ್ಟೆಯಿಲ್ಲ, ಹಡಗು ಬರಿದಾಗಿಯೇ ಹೊರಟಿತು. ಆ ರಾಣಿ ಏನು ಹೇಳಿ ಕಳಿಸಿದಳೆಂದು ಕೇಳಬೇಡಿ. ಕುಸುಬಿನಾಡಿನವರು ಇನ್ನೂ ಕಡಲ ಕಡೆ ನೋಡುತ್ತಲೇ ಇದ್ದಾರೆ.