ದಿಣ್ಣೆಗಳ ವಯಸ್ಸು

"ಕೇಳುವ ಮನಸ್ಸೇ ಇಲ್ಲದವರಿಗೆ ಸತ್ಯ ಹೇಳುವ ಗೊಡವೆ ನನಗೇಕೆ, ಗುರುಗಳೇ?" ಎಂದು ಪಂಪಣ್ಣ ಕೇಳಿದ.

ನಿಮ್ಮ ಊರ ಬಾವಿಯ ಕಟ್ಟೆ ಒಳಗಿಂದ ಕುಸಿಯುತ್ತಿದೆ ಎಂದು ಪಕ್ಕದ ಹಳ್ಳಿಯ ಹಿರಿಯರಿಗೆ ಹೇಳಹೋಗಿ, ಎಲ್ಲರ ಮುಂದೆ ನಗೆಪಾಟಲಾಗಿ ಆಗತಾನೇ ಮಠಕ್ಕೆ ಮರಳಿದ್ದ ಶಿಷ್ಯ ಅವನು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಗುರುಗಳೂ ತಣ್ಣಗಿನ ಸ್ವಭಾವದವರೇನಲ್ಲ. ಕೂರು ಎಂದು ಕಣ್ಣಲ್ಲೇ ಗದರಿ ಕತೆ ಶುರುಮಾಡಿದರು.

ಒಂದು ಸರೋವರ. ಅದರ ದಡದಲ್ಲಿ ಒಂದು ಊರು. ಊರಿಗೂ ನೀರಿಗೂ ನಡುವೆ ಸಾಲುಸಾಲಾಗಿ ಮರಳಿನ ದಿಣ್ಣೆಗಳು. ನೀರು ಎಲ್ಲಿಯವರೆಗೆ ಬಂದು ಬಹುಕಾಲ ನಿಲ್ಲುತ್ತದೋ ಅಲ್ಲಿ ಅಲೆಗಳು ಮರಳು ತಂದು ಒಟ್ಟುತ್ತವೆ. ಹಾಗೆ ಎದ್ದ ದಿಣ್ಣೆಗಳು ಅವು.

ಆ ಊರಿನವರದೊಂದು ಪದ್ಧತಿ. ನೀರಂಚಿನ ದಿಣ್ಣೆಯ ಮೇಲೆ ಹೊಸ ಗಡಿಗೆಯೊಂದನ್ನು ಹೂತು, ಅದರ ಮೇಲೆ ಗಂಗಮ್ಮನ ಕಲ್ಲು ನಿಲ್ಲಿಸುವುದು. ನೀರು ಜರುಗಿದರೆ ಕಲ್ಲನ್ನೂ ಜರುಗಿಸಿ, ಅಲ್ಲಿ ಮತ್ತೊಂದು ಗಡಿಗೆ ಹೂಳುವುದು. ಗಂಗಮ್ಮ ನೀರಿನಿಂದ ದೂರ ಇರಬಾರದಲ್ಲ. ಹಳೆಯ ಗಡಿಗೆಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ, ತಾಯಿಗೆ ಕೊಟ್ಟದ್ದು ಅಲ್ಲೇ ಇರಬೇಕು. ಭಕ್ತಿಗೇನೂ ಕೊರತೆಯಿಲ್ಲ ನೋಡು. ಆದರೆ ಕಲ್ಲು ಜರುಗಿಸಿದ ಮೇಲೆ ನೀರು ಮೊದಲು ಎಲ್ಲಿತ್ತು ಎಂದು ನೆನಪಿಡುವ ಗೋಜಿಗೆ ಯಾರೂ ಹೋಗಲಿಲ್ಲ.

ಆ ಊರಿಗೆ ನೇಕಾರರ ಕೆಲವು ಕುಟುಂಬಗಳು ಮಗ್ಗ ಹೊತ್ತು, ನೆಲೆ ಕೇಳಿಕೊಂಡು ಬಂದವು. ಊರಿಗೆ ಬಟ್ಟೆ ಬೇಕು, ನೇಕಾರರೂ ಬೇಕು. ಎತ್ತರದ ಜಾಗ ಬಿಟ್ಟುಕೊಡಲು ಮಾತ್ರ ಗೌಡನಿಗೆ ಮನಸ್ಸಿಲ್ಲ. ದಿಣ್ಣೆಗಳ ನಡುವಿನ ತಗ್ಗನ್ನು ತೋರಿಸಿ, ಹಂಚಿಕೊಡಲು ಒಬ್ಬ ಅಳತೆಗಾರನನ್ನು ಕರೆಸಿದ.

ಅಳತೆಗಾರ ಕೆಲಸದಲ್ಲಿ ಗಟ್ಟಿಗ. ಗೂಟ ನೆಡಲು ಅಗೆದಾಗ ಒಂದು ಗಡಿಗೆ ಸಿಕ್ಕಿತು. ಬಿಡಲು ಮನಸ್ಸಾಗದೆ ಒಂದೊಂದೇ ದಿಣ್ಣೆಯನ್ನು ಅಗೆಯುತ್ತ ಹೋದ. ತಗ್ಗಿನ ದಿಣ್ಣೆಗಳ ಗಡಿಗೆಗಳು ಚಕ್ರವಿಲ್ಲದೆ ಕೈಯಲ್ಲೇ ತಟ್ಟಿ ಮಾಡಿದಂಥವು, ತೀರ ಹಳೆಯವು. ಅವುಗಳ ಮೇಲೆ ಸರೋವರದ ಕೆಸರೂ ಬಸವನಹುಳುವಿನ ಚಿಪ್ಪೂ ದಪ್ಪವಾಗಿ ಕೂತಿದ್ದವು. ಊರಬಾಗಿಲ ಬಳಿಯ ದಿಣ್ಣೆ ಎಲ್ಲಕ್ಕಿಂತ ಎತ್ತರದ್ದು. ಅಲ್ಲಿ ಸಿಕ್ಕ ಗಡಿಗೆಯ ಕುತ್ತಿಗೆಯ ಮೇಲೆ ಒಂದು ಗುರುತಿತ್ತು. ಊರಿನ ಕುಂಬಾರ ಅದನ್ನು ನೋಡಿ, ಇದು ನಮ್ಮ ಮನೆತನದ ಗುರುತು, ನಮ್ಮವರು ಈ ಊರಿಗೆ ಬಂದದ್ದೇ ಮುತ್ತಾತನ ಕಾಲದಲ್ಲಿ ಎಂದ.

ಅಳತೆಗಾರ ಎರಡೂ ಬಗೆಯ ಗಡಿಗೆಗಳನ್ನು ಹೋಲಿಸಿ ನೋಡಿದ. ಎತ್ತರದ ದಿಣ್ಣೆಯೇ ಎಲ್ಲಕ್ಕಿಂತ ಹಳೆಯದು, ನೀರು ಅಂದಿನಿಂದ ಇಳಿಯುತ್ತಲೇ ಬಂದಿದೆ ಎಂದು ಊರಿಗೆ ಊರೇ ನಂಬಿತ್ತು. ನಿಜ ಬೇರೆಯೇ. ನೀರು ಬಹಳ ಹಿಂದೆ ತಗ್ಗಿನಲ್ಲಿತ್ತು. ಕುಂಬಾರನ ಮುತ್ತಾತನ ಕಾಲಕ್ಕೆ ಊರಬಾಗಿಲವರೆಗೂ ಏರಿ, ತಗ್ಗನ್ನೆಲ್ಲ ಮುಳುಗಿಸಿ, ಆಮೇಲೆ ಮತ್ತೆ ಇಳಿದಿತ್ತು. ಒಮ್ಮೆ ಏರಿದ ನೀರು ಇನ್ನೊಮ್ಮೆ ಏರುವುದಿಲ್ಲ ಎಂದು ಯಾರು ಹೇಳಬಲ್ಲರು?

ಚಾವಡಿಯಲ್ಲಿ ಗಡಿಗೆಗಳನ್ನು ಸಾಲಾಗಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದ. "ಆ ತಗ್ಗಿನಲ್ಲಿ ಮನೆ ಕಟ್ಟಿಸಿದರೆ ಹೆಂಗಸರು ಮಕ್ಕಳು ಮಲಗಿದ್ದಲ್ಲೇ ಮುಳುಗುತ್ತಾರೆ, ಗೌಡರೇ."

ಗೌಡ ಗಡಿಗೆಗಳತ್ತ ತಿರುಗಿಯೂ ನೋಡಲಿಲ್ಲ. "ತಾಯಿಯ ಪೀಠ ಅಗೆದವನು ನೀನು. ನಿನ್ನಿಂದ ನಾವು ಬುದ್ಧಿ ಕಲಿಯಬೇಕೇನಯ್ಯ? ಗೂಟ ಹೊಡಿ ಅಂದರೆ ಹೊಡಿ. ಇಲ್ಲವೇ ಊರು ಬಿಡು."

ಚಾವಡಿಯೆಲ್ಲ ಗೊಳ್ಳೆಂದು ನಕ್ಕಿತು. ನಗದೆ ಏನು ಮಾಡುತ್ತಾರೆ, ಮುಳುಗುವವರು ಅವರಲ್ಲವಲ್ಲ. ನೀರು ತಮ್ಮ ಹೊಸ್ತಿಲಿಗೆ ಬರುವುದಿದ್ದರೆ ಅದೇ ಗಡಿಗೆಗಳನ್ನು ಕಣ್ಣಿಗೊತ್ತಿಕೊಂಡು ನೋಡುತ್ತಿದ್ದರು. ದೊಡ್ಡವರು ಅನ್ನಿಸಿಕೊಂಡವರ ಯೋಗ್ಯತೆ ಇಷ್ಟೇ.

ಅಳತೆಗಾರನ ಮೈಯೆಲ್ಲ ಉರಿದುಹೋಯಿತು. ಇಷ್ಟು ಕಷ್ಟಪಟ್ಟು ಕಂಡುಕೊಂಡ ನಿಜಕ್ಕೆ ಇವರು ಕೊಟ್ಟ ಬೆಲೆ ಇದು. ಹೇಳುವುದು ನನ್ನ ಧರ್ಮ, ಹೇಳಿದ್ದಾಯಿತು, ಇನ್ನು ಇವರ ಹಣೆಬರಹ ಎಂದುಕೊಂಡು ಕೈ ಕೊಡವಿ ಹೊರಟ.

ಹೋಗುವ ದಾರಿ ತಗ್ಗಿನ ಮೂಲಕವೇ ಇತ್ತು. ಅಲ್ಲಿ ನೇಕಾರರು ಆಗಲೇ ಗುಡಿಸಲು ಹಾಕಿ, ಕಾಲು ಇಳಿಬಿಟ್ಟು ನೇಯಲು ಮಗ್ಗದ ಕುಣಿ ತೋಡಿದ್ದರು. ಒಬ್ಬ ಹೆಂಗಸು ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕುಣಿಯ ಗೋಡೆ ಸಾರಿಸುತ್ತಿದ್ದಳು. ಕುಣಿ ತೇವವಾಗಿದ್ದರೆ ನೇಯುವಾಗ ನೂಲು ಹರಿಯುವುದಿಲ್ಲ. ಇಲ್ಲಿ ನೀರು ಚಿಮುಕಿಸುವ ಕೆಲಸವೇ ಇಲ್ಲ, ತಳದಲ್ಲಿ ತಾನಾಗಿಯೇ ತೇವ ಜಿನುಗುತ್ತಿದೆ ಎಂದು ಅವಳಿಗೆ ಹಿಗ್ಗು. ಅಳತೆಯ ಹಗ್ಗ ಕಂಡು ಇವನನ್ನು ಗುರುತು ಹಿಡಿದಳು.

"ಅಳೆದವರು ನೀವೇ ಅಲ್ವಾ ಅಣ್ಣಾ? ಜಾಗ ಒಳ್ಳೇದು ತಾನೇ?"

ಅವನ ಕಿವಿಯಲ್ಲಿ ಇನ್ನೂ ಚಾವಡಿಯ ನಗುವೇ ಇತ್ತು. "ನಿಮ್ಮ ಗೌಡರನ್ನೇ ಕೇಳಮ್ಮ," ಎಂದು ಮುಖ ಗಂಟಿಕ್ಕಿಕೊಂಡು ನಡೆದುಬಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪಂಪಣ್ಣನಿಗೆ ತಡೆಯಲಾಗಲಿಲ್ಲ. "ನೀರು ಬಂತೇ?" ಎಂದ.

"ಬಂತು. ಮಗ್ಗದ ಕುಣಿಗಳು ಮೊದಲು ತುಂಬಿದವು. ಇದೂ ತೇವವೇ ಎಂದು ಅವರು ಎದ್ದು ಓಡಲಿಲ್ಲ. ಆಮೇಲೆ ಓಡಲು ದಾರಿ ಉಳಿದಿರಲಿಲ್ಲ. ಗೌಡನ ಅಂಗಳ ಒದ್ದೆಯೂ ಆಗಲಿಲ್ಲ."

"ಥೂ, ಆ ಗೌಡ ಮನುಷ್ಯನೇ ಅಲ್ಲ. ಅಷ್ಟೂ ಜನರ ಸಾವು ಅವನ ತಲೆಗೇ ಬರಬೇಕು," ಎಂದು ಪಂಪಣ್ಣ ಹಲ್ಲು ಕಡಿದ.

"ಬರಲಿ, ಅವನ ಪಾಲು ಅವನಿಗೆ ಬರಲಿ," ಎಂದರು ಗುರುಗಳು. "ಆದರೆ ಆ ಹೆಂಗಸು ಕೇಳಿದ್ದು ಗೌಡನನ್ನಲ್ಲ."